ಆಫೀಸಿನವರು ಹೇಳುವ ಅಪ್ಪ, ಮನೆಯಲ್ಲಿದ್ದ ಅಪ್ಪ

ಕಳೆದ ಸಂಚಿಕೆಯ ಸಮಸ್ಯೆ: ಗಂಡ ತೀರಿಕೊಂಡು ವರ್ಷವಾಗುತ್ತಾ ಬಂತು. ಅವರ ಕೈಕೆಳಗೆ ಕೆಲಸ ಕಲಿತವರು ಸೇರಿ ನೆನಪಿನ ಸಭೆ ಮಾಡಿ, ಒಂದು ಪುಸ್ತಕ ತರುತ್ತಿದ್ದಾರೆ. ನಾನೂ ಮಾತಾಡಬೇಕಂತೆ. ಅವರು ಬರೆದದ್ದನ್ನು ಓದಿದೆ. ಅದರಲ್ಲಿರುವ ತಾಳ್ಮೆಯ, ಎಲ್ಲರನ್ನೂ ನಗಿಸುವ ಮನುಷ್ಯನನ್ನು ನಾನು ಅಷ್ಟಾಗಿ ಕಂಡಿಲ್ಲ. ಮನೆಗೆ ಬರುವಷ್ಟರಲ್ಲಿ ಅವರ ಮಾತು ಖಾಲಿಯಾಗಿರುತ್ತಿತ್ತು. ‘ನಮಗೆ ಕೊಡದ ಟೈಮನ್ನು ಅವರಿಗೆ ಕೊಟ್ಟಿದ್ದಾರೆ, ನಾನು ಸಭೆಗೆ ಬರಲ್ಲ’ ಎನ್ನುತ್ತಾಳೆ 16 ವರ್ಷದ ಮಗಳು. ಮಗನಿಗೆ ಈಗ 5. ಅವರನ್ನು ಪ್ರೀತಿಸಿದ್ದೂ ನಿಜ, ಮುನಿಸಿರುವುದೂ ನಿಜ. ಸಭೆಯಲ್ಲಿ ಏನು ಹೇಳಲಿ?

ನಿಮ್ಮ ಉತ್ತರಗಳು:

ನಾನು ಆ ಕಡೆಯವನು ಮೇಡಂ. ಇಂಥದೇ ಒಬ್ಬರ ಹತ್ತಿರ ಕೆಲಸ ಕಲಿತು, ಅವರು ಹೋದ ಮೇಲೆ ಮೈಕಿನ ಮುಂದೆ ನಿಂತು ಹೊಗಳಿದವನು. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಕಲಿಯಲು ಬಂದವರ ಮುಂದೆ ತಾಳ್ಮೆ ಇಟ್ಟುಕೊಳ್ಳುವುದು ಮನೆಗಿಂತ ಸುಲಭ. ನಾವು ಸಂಜೆ ಎದ್ದು ಹೋಗುತ್ತಿದ್ದೆವು. ನಮ್ಮ ಭವಿಷ್ಯದ ಬಗ್ಗೆ ಅವರಿಗೆ ರಾತ್ರಿ ನಿದ್ದೆಗೆಡುವ ಭಯ ಇರಲಿಲ್ಲ. ಮಕ್ಕಳ ಬಗ್ಗೆ ಇತ್ತು. ಆ ಭಯ ಹೊತ್ತವರು ಜೋಕು ಹೇಳುವುದು ಕಡಿಮೆ.

ಪುಸ್ತಕ ತರುವವರಿಗೆ ಒಂದು ಮಾತು ಹೇಳಿ. ‘ದಾರಿದೀಪ’, ‘ಅಪರೂಪದ ವ್ಯಕ್ತಿ’ ಇವೆಲ್ಲ ಸಾಕು. ನಡೆದದ್ದನ್ನು ಬರೆಯಲಿ. ನಿಮ್ಮ ಕೆಲಸವನ್ನು ಅವರು ಹೇಗೆ ತಿದ್ದುತ್ತಿದ್ದರು? ತಾವೇ ಮಾಡಿ ಮುಗಿಸುತ್ತಿದ್ದರಾ, ಪಕ್ಕದಲ್ಲಿ ಕೂತು ನಿಮ್ಮ ಕೈಯಲ್ಲೇ ಮಾಡಿಸುತ್ತಿದ್ದರಾ? ಯಾವಾಗ ಬೈದರು? ಯಾವ ವಿಷಯದಲ್ಲಿ ಅವರ ಲೆಕ್ಕವೇ ತಪ್ಪಿತು? ಮನೆಯ ಬಗ್ಗೆ ಏನಾದರೂ ಹೇಳುತ್ತಿದ್ದರಾ? ಕೊನೆಯದನ್ನು ಮಗಳಿಗೋಸ್ಕರ ಕೇಳಿ. ನಮ್ಮ ಸರ್ ಮನೆಯಲ್ಲಿ ತುಟಿ ಬಿಚ್ಚುತ್ತಿರಲಿಲ್ಲವಂತೆ. ಆದರೆ ಅವರ ಮಗಳಿಗೆ ಪರೀಕ್ಷೆ ಯಾವತ್ತು, ಯಾವ ಪಾಠ ಕಷ್ಟ ಅನ್ನುವುದು ನಮಗೆಲ್ಲ ಗೊತ್ತಿತ್ತು. ಇದೆಲ್ಲ ಅಪ್ಪನ ಗಮನದಲ್ಲಿತ್ತು ಎಂದು ಆ ಹುಡುಗಿಗೆ ಮಾತ್ರ ಗೊತ್ತಿರಲಿಲ್ಲ.
ಕೈಕೆಳಗೆ ಕಲಿತವನು

ನಿಮ್ಮ ಮಗಳ ವಯಸ್ಸಿನಲ್ಲೇ ನಾನೂ ಅಪ್ಪನನ್ನು ಕಳೆದುಕೊಂಡೆ. ಅವರ ಆಫೀಸಿನವರು ಬಂದು ‘ನಿನ್ನ ಬಗ್ಗೆ ಎಷ್ಟು ಹೇಳುತ್ತಿದ್ದರು ಗೊತ್ತಾ’ ಎಂದರು. ಸಮಾಧಾನ ಆಗಬೇಕಿತ್ತು, ಅಲ್ವಾ? ಸಿಟ್ಟು ಜಾಸ್ತಿಯಾಯಿತು. ನನಗೆ ಹೇಳಬೇಕಾದ್ದನ್ನು ಯಾರಿಗೋ ಯಾಕೆ ಹೇಳಿದರು? ಆ ಮಾತು ನನ್ನ ಒಳಗೆ ಇಳಿದದ್ದು ಎಷ್ಟೋ ವರ್ಷ ಆದ ಮೇಲೆ. ಆಗ ನಾನೂ ಕೆಲಸಕ್ಕೆ ಸೇರಿದ್ದೆ, ಸಂಜೆ ಮನೆಯವರು ಏನಾದರೂ ಕೇಳಿದರೆ ಉತ್ತರ ಕೊಡಲೂ ಆಗದಷ್ಟು ಸುಸ್ತಾಗುತ್ತಿತ್ತು. ಹಾಗಾಗಿ ಅಂಥ ನೆನಪುಗಳನ್ನು ಬರೆಸಿ ಇಡಿ. ಈಗಲೇ ಓದು ಎಂದು ಅವಳ ಕೈಗೆ ತುರುಕಬೇಡಿ.

ಸಭೆಗೆ ಬಂದರೂ ವೇದಿಕೆಗೆ ಕರೆಯಬೇಡಿ, ಮೊದಲ ಸಾಲೂ ಬೇಡ. ಎದ್ದು ಹೋಗಬೇಕು ಅನಿಸಿದರೆ ಯಾರೂ ತಿರುಗಿ ನೋಡದ ಕಡೆ ಕೂರಲಿ. ಬರುವುದೇ ಇಲ್ಲ ಎಂದರೆ ಅದೂ ಸರಿ. ‘ಅಪ್ಪನ ಬಗ್ಗೆ ಹಾಗೆಲ್ಲ ಮಾತಾಡಬಾರದು’ ಎಂದು ಮಾತ್ರ ಹೇಳಬೇಡಿ. ನಮ್ಮ ಮನೆಯಲ್ಲಿ ಅಪ್ಪ ಸತ್ತ ಕೂಡಲೇ ದೇವರಾಗಿಬಿಟ್ಟಿದ್ದರು. ದೇವರ ಮೇಲೆ ಮುನಿಸಿಕೊಳ್ಳುವುದು ಹೇಗೆ? ಒಂದು ದಿನ ಅಮ್ಮನೇ, ‘ನನಗೂ ಅವರ ಮೇಲೆ ಕೋಪ ಇದೆ ಕಣೇ’ ಎಂದರು. ಅಪ್ಪನ ಬಗ್ಗೆ ನಾವು ಸರಿಯಾಗಿ ಮಾತಾಡಲು ಶುರು ಮಾಡಿದ್ದೇ ಆಮೇಲೆ.
ಒಬ್ಬ ಮಗಳು

ಬೇರೆಯವರು ಮನಸ್ಸಿನ ಬಗ್ಗೆ ಬರೆಯುತ್ತಾರೆ, ನಾನು ಫೋನಿನ ಬಗ್ಗೆ ಬರೆಯುತ್ತೇನೆ. ಅವರ ಧ್ವನಿಯನ್ನು ಮೊದಲು ಉಳಿಸಿಕೊಳ್ಳಿ. ನಿಮಗೆ ಕಳಿಸಿದ ವಾಯ್ಸ್ ಮೆಸೇಜುಗಳು ನಿಮ್ಮ ಫೋನಿನಲ್ಲಿದ್ದರೆ ಇವತ್ತೇ ಬೇರೆ ಕಡೆ ಕಾಪಿ ಮಾಡಿ, ಒಂದಲ್ಲ, ಎರಡು ಕಡೆ. ವಾಟ್ಸಾಪ್ ಖಾತೆಯನ್ನು ಬಳಸದೇ ಬಿಟ್ಟರೆ ಸಾಮಾನ್ಯವಾಗಿ 120 ದಿನಕ್ಕೆ ಅಳಿಸುತ್ತಾರೆ. ಗೂಗಲ್ ಖಾತೆ 2 ವರ್ಷ ಸುಮ್ನೆ ಬಿದ್ದಿದ್ದರೆ ಫೋಟೊ, ಮೇಲ್ ಸಮೇತ ಹೋಗಬಹುದು. ಫೇಸ್‌ಬುಕ್‌ಗೆ ಸಾವಿನ ವಿಷಯ ತಿಳಿಸಿದರೆ ಖಾತೆಯನ್ನು ನೆನಪಿನ ಪುಟವಾಗಿ ಬದಲಿಸುತ್ತಾರೆ. ಆಮೇಲೆ ಪಾಸ್‌ವರ್ಡ್ ಗೊತ್ತಿದ್ದರೂ ಯಾರೂ ಒಳಗೆ ಹೋಗುವ ಹಾಗಿಲ್ಲ. ಮೊದಲು ಇದನ್ನು ತಿಳಿದುಕೊಂಡು ಆಮೇಲೆ ಅರ್ಜಿ ಹಾಕಿ.

ಇನ್ನೊಂದು ವಿಷಯ. ಜನರಿಗೆ ಕೆಲಸ ಕಲಿಸಿದವರು ಎಂದಿರಿ. ತರಬೇತಿಯ ವಿಡಿಯೊ, ಮೀಟಿಂಗಿನ ರೆಕಾರ್ಡಿಂಗ್ ಖಂಡಿತ ಎಲ್ಲೋ ಇರುತ್ತದೆ. ಹಳೆಯ ರೆಕಾರ್ಡಿಂಗುಗಳನ್ನು ಕಂಪನಿಗಳು ಕಾಲಕಾಲಕ್ಕೆ ಅಳಿಸುತ್ತವೆ. ಸಭೆ ಮಾಡುವವರಿಗೆ ಹೂವು, ಬ್ಯಾನರ್ ಆಮೇಲೆ ನೋಡಿ, ಮೊದಲು ಅದನ್ನು ಹುಡುಕಿಕೊಡಿ ಎನ್ನಿ. ಅಪ್ಪ ಹೇಗೆ ನಗುತ್ತಿದ್ದರು ಎಂದು ಹುಡುಗ ಮುಂದೆ ಕೇಳುತ್ತಾನೆ.
ಕಂಪ್ಯೂಟರ್ ಕೆಲಸದವನು

ನಾನು ಆಪ್ತಸಲಹೆಯ ಕೆಲಸ ಮಾಡುತ್ತೇನೆ. ದುಃಖಕ್ಕೆ ಐದು ಹಂತ, ಸಿಟ್ಟು ಅದರಲ್ಲಿ ಎರಡನೆಯದು, ಅದು ಮುಗಿಯಬೇಕು ಎಂದು ಯಾರಾದರೂ ಹೇಳಿದರೆ ತಲೆಗೆ ಹಾಕಿಕೊಳ್ಳಬೇಡಿ. ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಆ ಹಂತಗಳನ್ನು ಬರೆದದ್ದು ಸಾವಿನ ಸಮೀಪದಲ್ಲಿದ್ದ ರೋಗಿಗಳನ್ನು ಮಾತಾಡಿಸಿ. ಉಳಿದುಕೊಂಡವರಿಗೆ ಅದನ್ನು ಅನ್ವಯಿಸಿದ್ದು ಆಮೇಲೆ. ನನಗೆ 1999ರಲ್ಲಿ ಸ್ಟ್ರೋಬ ಮತ್ತು ಶುಟ್ ಎಂಬ ಸಂಶೋಧಕರು ಕೊಟ್ಟ ವಿವರಣೆ ಹೆಚ್ಚು ಸರಿ ಎನಿಸುತ್ತದೆ. ಜನ ಒಂದು ಹೊತ್ತು ಹೋದವರನ್ನು ನೆನೆದು ಅಳುತ್ತಾರೆ, ಇನ್ನೊಂದು ಹೊತ್ತು ಬಿಲ್ಲು, ಶಾಲೆ, ಹೊಸ ಜವಾಬ್ದಾರಿ ಅಂತ ಅದನ್ನು ಮರೆತಿರುತ್ತಾರೆ. ಹೀಗೆ ಓಡಾಡಿಕೊಂಡೇ ಬದುಕು ಸಾಗುತ್ತದೆ. ಮಗಳು ಒಂದು ಗಂಟೆ ಜಗಳವಾಡಿ ಮರುಗಳಿಗೆ ಗೆಳತಿಯ ಜೊತೆ ನಗುತ್ತಿದ್ದರೆ ಗಾಬರಿ ಬೇಡ. ಆದರೆ ತಿಂಗಳುಗಟ್ಟಲೆ ದಿನದ ಕೆಲಸವೇ ಸಾಗದಷ್ಟು ಹಂಬಲ ಕಾಡುತ್ತಿದ್ದರೆ, ಅವಳಿಗಾಗಲಿ ನಿಮಗಾಗಲಿ, ಮುಖಾಮುಖಿ ಸಹಾಯ ಪಡೆಯಿರಿ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಈಗ 6 ತಿಂಗಳು ಮೀರಿದ ಇಂಥ ತೀವ್ರ ದುಃಖಕ್ಕೆ ಪ್ರತ್ಯೇಕ ಜಾಗವೇ ಇದೆ.

ಮಗನ ಬಗ್ಗೆ ನೀವು ಬರೆದದ್ದು ಒಂದೇ ಸಾಲು. ಸಾವು ಎಂದರೆ ವಾಪಸ್ ಬರದಿರುವುದು ಎಂಬುದು ಬಹಳ ಮಕ್ಕಳಿಗೆ ಪೂರ್ತಿ ತಿಳಿಯುವುದು 5ರಿಂದ 7ರ ನಡುವೆ. ಅಲ್ಲಿವರೆಗೆ ಅದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ‘ನಿದ್ದೆ ಮಾಡಿದ್ದಾರೆ’, ‘ದೂರ ಹೋಗಿದ್ದಾರೆ’ ಎನ್ನಬೇಡಿ. ಅದನ್ನು ಕೇಳಿ ಮಲಗಲು ಹೆದರುವ, ಅಮ್ಮ ಹೊರಗೆ ಹೊರಟರೆ ಅಳುವ ಮಕ್ಕಳನ್ನು ನೋಡಿದ್ದೇನೆ. ಸತ್ತರು, ಅವರ ಮೈ ಕೆಲಸ ಮಾಡುವುದು ನಿಂತಿತು ಎಂದೇ ಹೇಳಿ. 4ನೇ ವಯಸ್ಸಿನ ನೆನಪುಗಳು ತಾವಾಗಿ ಉಳಿಯುವುದು ಕಷ್ಟ. ಮನೆಯವರು ಆಗಾಗ ಮಾತಾಡಿದ್ದು ಉಳಿಯುತ್ತದೆ. ಅಕ್ಕನೇ ಅವನಿಗೆ ಹೇಳಲಿ. ತನ್ನ ಸಿಟ್ಟಿನ ನಡುವೆಯೂ ಅವಳಿಗೆ ಅಪ್ಪ 15 ವರ್ಷ ಸಿಕ್ಕಿದ್ದರು.
ಆಪ್ತಸಲಹೆಗಾರ್ತಿ

ಮಾತಾಡಲೇಬೇಕು ಎಂದು ಯಾರು ಹೇಳಿದರು? ನನ್ನ ಗಂಡನ ಸಭೆಗೆ ನಾನು ಹೋಗಲೇ ಇಲ್ಲ. ಯಾರೂ ಏನೂ ಅಂದುಕೊಳ್ಳಲಿಲ್ಲ. ಅಂದುಕೊಂಡಿದ್ದರೂ ನನ್ನ ಕಿವಿಗೆ ಬೀಳಲಿಲ್ಲ, ಅಷ್ಟು ಸಾಕು.

ಹೋಗುವ ಮನಸ್ಸಿದ್ದರೆ ಒಂದು ಪುಟ ಬರೆದುಕೊಂಡು ಹೋಗಿ. ಗಂಟಲು ಕಟ್ಟಿದರೆ ಓದಲು ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಮನೆಯ ಜಗಳವನ್ನು ಅಲ್ಲಿ ಬಿಚ್ಚಿಡಬೇಕಿಲ್ಲ, ಇಲ್ಲದ ಗುಣ ಹೊದಿಸಲೂಬೇಕಿಲ್ಲ. ‘ಮನೆಯಲ್ಲಿ ಅವರು ಜಾಸ್ತಿ ಮಾತಾಡುತ್ತಿರಲಿಲ್ಲ. ನೀವು ಹೇಳಿದ ಎಷ್ಟೋ ವಿಷಯ ನಾನು ಇವತ್ತೇ ಕೇಳುತ್ತಿರುವುದು’ ಎಂದರೆ ತಪ್ಪೇನು? ನೀವು ನಮಗೆ ಬರೆದ ಪತ್ರದಲ್ಲೇ ಈ ಭಾಷಣದ ಅರ್ಧ ಇದೆ. ಇನ್ನರ್ಧಕ್ಕೆ, ಅವರಿಗೇ ಸೇರಿದ ಒಂದು ಅಭ್ಯಾಸ ಹೇಳಿ. ಸಿಟ್ಟು ತರಿಸುತ್ತಿದ್ದದ್ದೇ ಆದರೂ ಪರವಾಗಿಲ್ಲ. ಜನ ನಗುತ್ತಾರೆ, ನಿಮಗೆ ಉಸಿರಾಡಲು ಸಮಯ ಸಿಗುತ್ತದೆ.

ಪುಸ್ತಕ ಅಚ್ಚಿಗೆ ಹೋಗುವ ಮೊದಲು ನಿಮಗೆ ತೋರಿಸಬೇಕು ಎಂದು ಈಗಲೇ ಹೇಳಿಡಿ. ಕೊನೆಯ ದಿನಗಳ ಫೋಟೊ, ಕಾಯಿಲೆಯ ವಿವರ, ಮಕ್ಕಳ ಹೆಸರು, ಇವು ಇರಬೇಕೋ ಬೇಡವೋ ಎಂದು ನೀವೇ ತೀರ್ಮಾನಿಸಿ. ಬೇಡ ಎಂದರೆ ಕಾರಣ ಕೊಡಲು ಹೋಗಬೇಡಿ.
ಹಳೆಯ ಓದುಗಿ