1835ರ ಕಾಲಾಣೆ: ಎರಡು ಬೇರೆ ಅಚ್ಚುಗಳಾ? ಸಹಾಯ ಬೇಕು

ನನ್ನ ಹತ್ತಿರ ಈಸ್ಟ್ ಇಂಡಿಯಾ ಕಂಪನಿಯ 1835ರ ತಾಮ್ರದ ಕಾಲಾಣೆ ಎರಡಿವೆ. ತೂಕ ಎರಡೂ ಸುಮಾರು ಆರೂವರೆ ಗ್ರಾಂ. ಮೇಲ್ನೋಟಕ್ಕೆ ಅವಳಿ ಮಕ್ಕಳು. ಭೂತಗನ್ನಡಿ ಹಿಡಿದರೆ ಮಾತ್ರ ಅನುಮಾನ ಶುರು. ಎಲೆಹಾರದ ತುದಿ ಒಂದರಲ್ಲಿ ಅಕ್ಷರದ ನೇರ ಕೆಳಗಿದೆ, ಇನ್ನೊಂದರಲ್ಲಿ ಎರಡು ಅಕ್ಷರಗಳ ನಡುವೆ ಬಂದಿದೆ. ಹಾರದಲ್ಲಿರುವ ಪುಟ್ಟ ಕಾಯಿಗಳ ಲೆಕ್ಕವೂ ಕೂಡುತ್ತಿಲ್ಲ. ಸವೆದರೆ ಅಕ್ಷರ ಮಸುಕಾಗುತ್ತೆ, ಜಾಗ ಬದಲಾಗಲ್ಲ ಅಲ್ವಾ?

ಒಂದರಲ್ಲಿ ಇಸವಿಯ 5ರ ಪಕ್ಕ ಸಣ್ಣ ಗೆರೆಯೂ ಇದೆ. ಉಗುರಿಗೆ ಉಬ್ಬಾಗಿ ತಾಗುತ್ತೆ, ಹಾಗಾಗಿ ಗೀರಲ್ಲ, ಅಚ್ಚು ಬಿರುಕು ಬಿಟ್ಟಿದ್ದೇ ಇರಬೇಕು. (ಇನ್ನೊಂದನ್ನು ಹುಣಸೆಹಣ್ಣಿನಲ್ಲಿ ಉಜ್ಜಿ ಹಾಳು ಮಾಡಿದ್ದೇನೆ, ಬೈಯಬೇಡಿ.)

ಗುರುತಿಸೋಕೆ ಮೊದಲು ಏನು ನೋಡಬೇಕು, ಹಾರದ ಕಾಯಿಗಳನ್ನಾ, ಇನ್ನೊಂದು ಮುಖದ ಲಾಂಛನದಲ್ಲಿರುವ ಸಿಂಹಗಳನ್ನಾ? ನಿಮ್ಮ ಹತ್ತಿರ ಇದೇ ನಾಣ್ಯ ಇದ್ದರೆ ಪಕ್ಕದಿಂದ ಬೆಳಕು ಬಿಟ್ಟು ಎರಡೂ ಮುಖದ ಫೋಟೋ ಹಾಕ್ತೀರಾ?