ಯುರೋಪ್, ಜಪಾನ್ ಪ್ರವಾಸ: ವೀಗನ್ ಊಟ ಖಚಿತಪಡಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ವೀಗನ್ ಎಂದರೆ ಹಾಲು, ಮೊಟ್ಟೆ, ಜೇನು ಸೇರಿ ಪ್ರಾಣಿಮೂಲದ ಏನೂ ಇಲ್ಲದ ಊಟ. ವಿಮಾನದ ಊಟ, ಅಂಗಡಿಯ ಪೊಟ್ಟಣ, ಹೋಟೆಲ್ ಅಡುಗೆ – ಎಲ್ಲೆಲ್ಲಿ ಎಚ್ಚರ ಬೇಕು?

ಉತ್ತರ 1: ವಿಮಾನಕ್ಕೆ ವೀಗನ್ ಊಟದ ಕೋಡ್ ವಿಜಿಎಂಎಲ್ (VGML) ಆರಿಸಿ. ಏಷ್ಯನ್ ಸಸ್ಯಾಹಾರಿ ಊಟದ ಕೋಡ್ ಎವಿಎಂಎಲ್ (AVML) ಬೇಡ, ಅದರಲ್ಲಿ ಮೊಸರು, ಪನೀರ್ ಬರಬಹುದು. ಸಾಮಾನ್ಯವಾಗಿ ಕನಿಷ್ಠ 24 ಗಂಟೆ ಮೊದಲೇ ಕೋರಬೇಕು. ವಿಮಾನ ಬದಲಾದರೆ ಕೋರಿಕೆ ಬಿಟ್ಟುಹೋಗುವ ಸಾಧ್ಯತೆಯಿದೆ, ಮತ್ತೊಮ್ಮೆ ನೋಡಿಕೊಳ್ಳಿ.

ಉತ್ತರ 2: ಯುರೋಪಿಯನ್ ಒಕ್ಕೂಟದಲ್ಲಿ ಪೊಟ್ಟಣದ ಪದಾರ್ಥಪಟ್ಟಿಯಲ್ಲಿ ಹಾಲು, ಮೊಟ್ಟೆ, ಮೀನು ಸೇರಿ 14 ಅಲರ್ಜಿಕಾರಕಗಳು ಎದ್ದುಕಾಣಬೇಕು, ಹೆಚ್ಚಾಗಿ ದಪ್ಪಕ್ಷರದಲ್ಲಿರುತ್ತವೆ. ಆದರೆ ಅಷ್ಟನ್ನೇ ನೋಡಿ ಕೊಳ್ಳಬೇಡಿ: ಜೇನು, ಜೆಲಟಿನ್ ಆ 14ರಲ್ಲಿಲ್ಲ. ಸೇರ್ಪಡೆ ವಸ್ತುಗಳ 'ಇ' ಸಂಖ್ಯೆಗಳನ್ನೂ ನೋಡಿ: ಇ120 ಕೀಟದಿಂದ ತೆಗೆದ ಕೆಂಪು ಬಣ್ಣ, ಇ901 ಜೇನುಮೇಣ, ಇ904 ಕೀಟಗಳಿಂದ ಸಿಗುವ ಅರಗು. 'ಹಾಲಿನ ಅಂಶವಿರಬಹುದು' ಎಂಬುದು ತಯಾರಿಕೆಯಲ್ಲಿ ಅಕಸ್ಮಾತ್ ಬೆರೆತಿರಬಹುದೆಂಬ ಎಚ್ಚರಿಕೆ ಮಾತ್ರ, ಪದಾರ್ಥವಲ್ಲ.

ಉತ್ತರ 3: ಜಪಾನ್ ನಿಜಕ್ಕೂ ಕಷ್ಟ. ಅಲ್ಲಿ ಕಾಣದ ಮೀನೇ ದೊಡ್ಡ ತೊಡಕು. ದಾಶಿ ಎಂಬ ತಿಳಿಸಾರಿನಲ್ಲಿ ಒಣಗಿಸಿದ ಬೊನಿಟೊ ಮೀನು ಹಾಕುವುದೇ ವಾಡಿಕೆ. ಮಿಸೊ ಸೂಪ್, ನೂಡಲ್ಸ್, ಬೇಯಿಸಿದ ತರಕಾರಿಯಲ್ಲೂ ಅದಿರುತ್ತದೆ. ಬೊನಿಟೊ ಅಲ್ಲಿನ ಅಲರ್ಜಿ ಪಟ್ಟಿಯಲ್ಲಿಲ್ಲ. ಹಾಗಾಗಿ 'ಮಾಂಸವಿದೆಯೇ' ಎಂದಷ್ಟೇ ಕೇಳಿದರೆ ಸಾಲದು. 'ಮಾಂಸ, ಮೀನು, ಮೀನಿನ ದಾಶಿ, ಮೊಟ್ಟೆ, ಹಾಲು ಬೇಡ. ಕೊಂಬು ದಾಶಿ ಆಗುತ್ತದೆ' ಎಂದು ಜಪಾನಿಯಲ್ಲಿ ಬರೆದ ಚೀಟಿ ತೋರಿಸಿ. ಕೊಂಬು ಎಂದರೆ ಕಡಲಪಾಚಿ. ಬೌದ್ಧ ದೇವಾಲಯಗಳ ಶೋಜಿನ್ ರ್‍ಯೋರಿ ಊಟ ಒಳ್ಳೆಯ ಆಯ್ಕೆ, ಮುಂಗಡ ಕಾಯ್ದಿರಿಸಿ.