ಮನೆ ಇಲ್ಲ, ಸೆಕೆಂಡ್ ಪಿಯುಸಿ ಬಿಡಲಾ ಸರ್?

ಪ್ರಶ್ನೆ: ದಾವಣಗೆರೆಯಲ್ಲಿ ಕಾಮರ್ಸ್ ಓದ್ತಿದೀನಿ. ಅಪ್ಪನ ಕುಡಿತ, ಅದರ ಮೇಲೆ ಕೈಸಾಲ. ಬಾಡಿಗೆ ಕಟ್ಟಲಿಲ್ಲ ಅಂತ ಮನೆ ಖಾಲಿ ಮಾಡಿಸಿದ್ರು. ಅಮ್ಮ ತಂಗಿನ ಕರ್ಕೊಂಡು ತವರಿಗೆ ಹೋದ್ರು. ನಾನು ಸಂಜೆ ಕೆಲಸ ಮಾಡೋ ಬೇಕರಿ ಹಿಂದೆ ಮೈದಾ ಚೀಲಗಳ ಪಕ್ಕ ಮಲಗ್ತೀನಿ. ಕಾಲೇಜು ಬಿಟ್ಟು ಪೂರ್ತಿ ಕೆಲಸಕ್ಕೆ ಬಾ, ಪರೀಕ್ಷೆ ಆಮೇಲೆ ಕಟ್ಟು ಅಂತಾರೆ ಯಜಮಾನ್ರು. ಹಾಸ್ಟೆಲ್‌ನಲ್ಲಿ ಪೋಷಕರ ಸಹಿ ಕೇಳಿದ್ರು. ಮಾರ್ಚ್‌ಗೆ 18 ತುಂಬುತ್ತೆ.

ಉತ್ತರ (ನಿವೃತ್ತ ನಿಲಯಪಾಲಕ): ಬಿಡಬೇಡ ತಮ್ಮಾ. ‘ಆಮೇಲೆ ಕಟ್ತೀನಿ’ ಅಂದವರಲ್ಲಿ ಕಟ್ಟಿದವರು ಕಡಿಮೆ. ಟಿಸಿ ತಗೊಂಡ ದಿನವೇ ಹಾಸ್ಟೆಲ್, ಸ್ಕಾಲರ್‌ಶಿಪ್, ಬಸ್ ಪಾಸ್ ಮೂರೂ ಕೈತಪ್ಪುತ್ತವೆ. ಯಜಮಾನರಿಗೆ ಆಳು ಬೇಕು, ಅಷ್ಟೇ.

ಸಹಿಗೆ ಅಪ್ಪನೇ ಆಗಬೇಕಿಲ್ಲ, ಅಮ್ಮನೂ ಪೋಷಕರೇ. ಜಾತಿ-ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಮಾಡಿಸು. ಅದರ ಮೇಲಿರುವ ಆರ್‌ಡಿ ನಂಬರ್ ಇಲ್ಲದೆ ಸ್ಕಾಲರ್‌ಶಿಪ್ ಅರ್ಜಿ ಮುಂದೆ ಹೋಗಲ್ಲ. ಹಿಂದುಳಿದ ವರ್ಗದವನಾಗಿದ್ದು ಹಾಸ್ಟೆಲ್ ಸೀಟು ಸಿಗದಿದ್ದರೆ ಊಟ-ವಸತಿಗೆ ದುಡ್ಡು ಕೊಡುವ ವಿದ್ಯಾಸಿರಿ ಇದೆ, ಕೇಳು.

ಇದಕ್ಕಿಂತ ಅವಸರದ್ದು ನಿನ್ನ ಕೊನೆಯ ಸಾಲು. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ನೆಲೆಯಿಲ್ಲದ, 18 ತುಂಬದ ಹುಡುಗ ‘ಪಾಲನೆ ಮತ್ತು ರಕ್ಷಣೆ ಬೇಕಾದ ಮಗು’. ಇವತ್ತೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡು, ರಾತ್ರಿಯಾದರೂ ಎತ್ತುತ್ತಾರೆ. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹೋಗು. ಅವರ ಮೂಲಕ ಪಾಲನಾ ಸಂಸ್ಥೆಯಲ್ಲಿದ್ದು 18 ದಾಟಿದವರಿಗೆ 21ರವರೆಗೂ ನೆರವು ಕೇಳಲು ದಾರಿಯಿದೆ. ಏಪ್ರಿಲ್‌ನಲ್ಲಿ ಹೋದರೆ ‘ನೀನು ಮಗುವಲ್ಲ’ ಅಂತಾರೆ.

ಪ್ರಶ್ನೆ: ಬಾಲಮಂದಿರಕ್ಕೆ ಹಾಕಿಬಿಡ್ತಾರಾ ಸರ್? ಅಪ್ಪನ ಮೇಲೆ ಕೇಸ್ ಆಗುತ್ತಾ?

ಉತ್ತರ: ಹೋದವರನ್ನೆಲ್ಲ ಬಾಲಮಂದಿರಕ್ಕೆ ಹಾಕಲ್ಲ. ನಿನ್ನ ಇಷ್ಟ ಏನು ಅಂತ ಕೇಳಬೇಕು, ಕೇಳ್ತಾರೆ. ಓದು ನಿಲ್ಲಬಾರದು, ಇದೇ ಕಾಲೇಜು ಬೇಕು ಅಂತ ಬಾಯಿಬಿಟ್ಟು ಹೇಳು. ಸಾಲ, ಕುಡಿತಕ್ಕೆ ಸಮಿತಿ ಕೇಸ್ ಹಾಕಲ್ಲ. ಅಪ್ಪ ಹೊಡೆದಿದ್ದರೆ ಮಾತ್ರ ಮುಚ್ಚಿಡಬೇಡ.

ತಂಗಿಯ ವಿಷಯವನ್ನೂ ಅಲ್ಲೇ ಎತ್ತು. ಮಕ್ಕಳ ರಕ್ಷಣೆಗಿರುವ ಕೇಂದ್ರದ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ (ಮನೆಯಲ್ಲೇ ಇರುವ ಮಗುವಿಗೆ ಹಣದ ನೆರವು) ಮಂಜೂರಾದರೆ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ನಿನಗೆ ಉಳಿದಿರೋದು ಕೆಲವೇ ತಿಂಗಳು, ಅವಳಿಗೆ ವರ್ಷಗಳಿವೆ. ಅಮ್ಮನಿಗೆ ತವರಲ್ಲಿ ತಲೆಯೆತ್ತಿ ಇರೋಕೂ ಆಗುತ್ತೆ.

ಉಪನ್ಯಾಸಕಿಯೊಬ್ಬರು: ಹಾಜರಾತಿ 75 ಪರ್ಸೆಂಟ್ ಇದೆಯಾ ನೋಡ್ಕೋಪ್ಪಾ. ಕಡಿಮೆ ಇದ್ರೆ ಹಾಜರಾತಿ ಕೊರತೆ ಇರೋರ ಪಟ್ಟಿ ಹಾಕೋ ಮುಂಚೆ ಪ್ರಿನ್ಸಿಪಾಲರಿಗೆ ಎಲ್ಲಾ ಹೇಳು. ಹೇಳದೇ ಇದ್ರೆ ನಮಗೆ ಬರೀ ‘ಗೈರು’ ಅಂತಷ್ಟೇ ಕಾಣೋದು.

ಪ್ರಶ್ನೆ: 71 ಇದೆ ಮೇಡಂ, ಸೋಮವಾರ ಹೋಗ್ತೀನಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಟ್ರಂಕಲ್ಲಿತ್ತು, ಟ್ರಂಕ್ ಮನೆ ಓನರ್ ಹತ್ರ ಇದೆ.

ಉತ್ತರ: ಅವರ ಹತ್ರ ಜಗಳಕ್ಕೆ ಹೋಗಬೇಡ. ಸದ್ಯಕ್ಕೆ ಡಿಜಿಲಾಕರ್‌ನಲ್ಲಿ ಇಳಿಸಿಕೋ, ಅರ್ಜಿಗೆ ಸಾಕು. ಟ್ರಂಕಿನ ವಿಷಯ ಸಮಿತಿಯಲ್ಲಿ ಹೇಳು.